ಪಿಜಿ, ಆಫೀಸು, ಮತ್ತೆ ಪಿಜಿ: ಬೆಂಗಳೂರು ಅಂದರೆ ಇಷ್ಟೇನಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುತ್ತಾ, "ಬೆಂಗಳೂರಿನಲ್ಲಿ ಬೇಜಾರು ಅನ್ನುವವರು ಸಂಜೆ ಒಂದು ಸಲ ಮನೆಯಿಂದ ಹೊರಗೆ ಬಂದು ನೋಡಲಿ" ಎಂದಿದ್ದೆ. ಅದಕ್ಕೆ ರಾಶಿ ಪತ್ರ ಬಂದಿವೆ. ಹೌದು ಅಂದವರಿದ್ದಾರೆ, ಜಗಳಕ್ಕೇ ಬಂದವರೂ ಇದ್ದಾರೆ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ, ಪೂರ್ತಿ ಪುಟ ಬೆಂಗಳೂರಿಗೇ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಾನು ಹಾವೇರಿ ಕಡೆಯವಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿ ಎಂಟು ತಿಂಗಳಾಯಿತು. ಆಫೀಸಿಗೆ ಹತ್ತು ನಿಮಿಷದ ದಾರಿಯಲ್ಲಿ ಪಿಜಿ. ಬೆಳಗ್ಗೆ ಹೋಗುವುದು, ರಾತ್ರಿ ಬರುವುದು, ಶನಿವಾರ ಬಟ್ಟೆ ಒಗೆಯುವುದು, ಭಾನುವಾರ ಮಾಲ್‌ನಲ್ಲಿ ಸುಮ್ನೆ ಸುತ್ತಾಡಿ ಬರುವುದು. ಊರಿಗೆ ಫೋನ್ ಮಾಡಿದರೆ ಅವ್ವ "ಅಷ್ಟು ದೊಡ್ಡ ಊರಾಗ ಏನೇನು ನೋಡಿದಿ?" ಎಂದು ಕೇಳುತ್ತಾಳೆ. ಹೇಳಲಿಕ್ಕೆ ಏನೂ ಇಲ್ಲ. ಎಲ್ಲರೂ ಬೆಂಗಳೂರು ಬೆಂಗಳೂರು ಅನ್ನುತ್ತಾರಲ್ಲ, ಏನಿದೆ ಇಲ್ಲಿ? ನನಗೆ ಕಾಣಿಸುತ್ತಿಲ್ಲವೋ, ನಿಜಕ್ಕೂ ಏನೂ ಇಲ್ಲವೋ?

ಉತ್ತರ: ತಂಗಿ, ನಿನ್ನ ಪತ್ರ ಓದಿ ನನ್ನ ಮೊದಲ ವರ್ಷ ನೆನಪಾಯಿತು. ನಾನು ತಿಪಟೂರು ಕಡೆಯವಳು. 1998ರಲ್ಲಿ ಬಂದು ಹನುಮಂತನಗರದ ಒಂದು ಲೇಡೀಸ್ ಹಾಸ್ಟೆಲ್‌ನಲ್ಲಿದ್ದೆ. ಆರು ತಿಂಗಳು ಹಾಸ್ಟೆಲ್, ಬಸ್ಸು, ಆಫೀಸು, ಬಸ್ಸು, ಹಾಸ್ಟೆಲ್. ಅಮ್ಮ ಏನು ನೋಡಿದೆ ಅಂದರೆ ವಿಧಾನಸೌಧ ಅನ್ನುತ್ತಿದ್ದೆ, ಅದೂ ಬಸ್ಸಿನ ಕಿಟಕಿಯಿಂದ.

ನಮ್ಮೂರಲ್ಲಿ ಜಾತ್ರೆ ಬಂದರೆ ತಮಟೆ ಸದ್ದು ಮನೆ ಬಾಗಿಲಿಗೇ ಬರುತ್ತದೆ, ಕರೆಯುವವರೂ ಇರುತ್ತಾರೆ. ಬೆಂಗಳೂರು ಹಾಗಲ್ಲ. ಇಲ್ಲಿ ಪಕ್ಕದ ರಸ್ತೆಯ ಸಭಾಂಗಣದಲ್ಲಿ ದೊಡ್ಡ ವಿದ್ವಾಂಸರ ಕಛೇರಿ ನಡೆಯುತ್ತಿದ್ದರೂ ಈ ರಸ್ತೆಯವರಿಗೆ ಗೊತ್ತಿರುವುದಿಲ್ಲ, ಗೊತ್ತಾದರೂ ಯಾರೂ ಬಂದು ಬಾ ಎಂದು ಕರೆಯುವುದಿಲ್ಲ. ಆದರೆ ನೀನು ಹೋದರೆ ಯಾಕೆ ಬಂದೆ ಎಂದೂ ಯಾರೂ ಕೇಳುವುದಿಲ್ಲ. ಯಾರ ಮಗಳು, ಯಾವ ಊರು, ಯಾವ ಜಾತಿ, ಜೊತೆಗೆ ಯಾರಿದ್ದಾರೆ, ಒಂದೂ ಇಲ್ಲ. ಇಪ್ಪತ್ತೈದು ವರ್ಷ ದಾಟಿದರೂ ನಾನು ಈ ಊರನ್ನು ಬಿಟ್ಟು ಹೋಗದೆ ಇರುವುದಕ್ಕೆ ಇದೇ ದೊಡ್ಡ ಕಾರಣ.

ನನ್ನನ್ನು ಹೊರಗೆ ಎಳೆದವಳು ರೂಮ್‌ಮೇಟ್. ಒಂದು ಶನಿವಾರ ಬಲವಂತ ಮಾಡಿ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೆ ಕರೆದುಕೊಂಡು ಹೋದಳು. ಮೊದಲ ಬೆಲ್, ಎರಡನೇ ಬೆಲ್. ಜನ ಇನ್ನೂ ಮಾತಾಡುತ್ತಲೇ ಇದ್ದರು. ಮೂರನೇ ಬೆಲ್ ಆಗಿ ದೀಪ ಆರಿದ್ದೇ ತಡ, ಅಷ್ಟು ದೊಡ್ಡ ಸಭಾಂಗಣ ಒಟ್ಟಿಗೆ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ನನಗೆ ಕೆಮ್ಮು ಶುರುವಾಯಿತು. ಎಷ್ಟು ತಡೆದರೂ ನಿಲ್ಲಲಿಲ್ಲ. ಎದ್ದು ಹೋಗೋಣ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕತ್ತಲಲ್ಲೇ ನನ್ನ ಕೈ ಹುಡುಕಿ ಎರಡು ಲವಂಗ ಇಟ್ಟರು. "ಅಗಿಬೇಡ, ದವಡೇಲಿ ಇಟ್ಕೋ" ಎಂದು ಕಿವಿಯಲ್ಲಿ ಹೇಳಿ ಮತ್ತೆ ನಾಟಕಕ್ಕೆ ತಿರುಗಿದರು. ಅವರು ಯಾರೋ, ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರ ನಾನೊಬ್ಬಳೇ ಹೋದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. 2025ರ ಆಗಸ್ಟ್‌ನಿಂದ ನಿಮ್ಮ ಕಡೆಗೆ ಹಳದಿ ಮಾರ್ಗದ ಮೆಟ್ರೊ ಬಂದಿದೆ. ನನ್ನ ಕಾಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಬಸವನಗುಡಿಗೆ ಬರುವುದು ಅಂದರೆ ಅರ್ಧ ದಿನದ ಕೆಲಸ. ಈಗ ರೈಲು ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ನಾಲ್ಕನೇ ನಿಲ್ದಾಣ ನ್ಯಾಷನಲ್ ಕಾಲೇಜು. ಅಲ್ಲಿಂದ ಗಾಂಧಿಬಜಾರಿಗೆ ನಡೆದೇ ಹೋಗಬಹುದು. ಶನಿವಾರ ಬೆಳಗ್ಗೆ ಬಟ್ಟೆ ಒಗೆಯುವುದು ಬಿಡು, ಭಾನುವಾರ ಒಗೆದರಾಯಿತು. ವಿದ್ಯಾರ್ಥಿ ಭವನದಲ್ಲಿ ಹೆಸರು ಬರೆಸಿ ಕಾದು ದೋಸೆ ತಿನ್ನು. 1943ರಿಂದ ಇರುವ ಹೋಟೆಲ್ ಅದು, ಶುಕ್ರವಾರ ರಜೆ. ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಅಂಗೈಯಿಂದ ಭುಜದವರೆಗೆ ಜೋಡಿಸಿಕೊಂಡು ಬರುವ ಸಪ್ಲೈಯರನ್ನು ನೋಡು, ಅವ್ವನಿಗೆ ಹೇಳಲು ಅದೇ ಒಂದು ಕಥೆ. ಅಲ್ಲೇ ಹೂವಿನವರು ಮೊಳ ಹಾಕುತ್ತಾ ಕೂತಿರುತ್ತಾರೆ. ಅಂಕಿತ ಪುಸ್ತಕದ ಅಂಗಡಿಗೆ ಹೋಗಿ ಒಂದು ತಾಸು ನಿಂತು ಪುಟ ತಿರುವು.

ಇನ್ನೊಂದು ವಾರ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ್ದು, 2004ರಲ್ಲಿ ಬಾಗಿಲು ತೆರೆಯಿತು. ಸೋಮವಾರ ಬಿಟ್ಟರೆ ದಿನವೂ ನಾಟಕ ಇರಬೇಕು ಅನ್ನುವುದು ಅವರ ಹಟ. ರಾತ್ರಿ ಆಟ ಏಳೂವರೆಗೆ. ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಗೂ ಒಂದು ಆಟ ಇರುತ್ತದೆ. ಪಿಜಿ ಗೇಟು ಬೇಗ ಹಾಕುವವರಿಗೆ ಅದೇ ಒಳ್ಳೆಯದು. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ, ಯಾರೇ ಆಗಲಿ. ಆ ಶಿಸ್ತು ನನಗೆ ತುಂಬಾ ಇಷ್ಟ. ಬೇಗ ಹೋಗಿ ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿನ್ನು. ಬಿಸಿ ಇರುತ್ತದೆ, ಬೆರಳು ಸುಡುತ್ತದೆ, ಆದರೂ ಕಾಯಲು ಆಗುವುದಿಲ್ಲ.

ಒಂದು ಮಾತು ಮಾತ್ರ ಕೇಳು. ಹತ್ತು ಜಾಗಕ್ಕೆ ಒಂದೊಂದು ಸಲ ಹೋಗಬೇಡ, ಒಂದೇ ಜಾಗಕ್ಕೆ ಮೂರು ಸಲ ಹೋಗು. ಮೂರನೇ ಸಲಕ್ಕೆ ಅಲ್ಲಿಯ ಒಂದೆರಡು ಮುಖ ಗುರುತಾಗುತ್ತವೆ, ಅವರೂ ನಿನ್ನನ್ನು ನೋಡಿ ತಲೆಯಾಡಿಸುತ್ತಾರೆ. ಈ ಊರಿನಲ್ಲಿ ನನಗೆ ಸಿಕ್ಕ ಗೆಳತಿಯರಲ್ಲಿ ಅರ್ಧ ಜನ ಹಾಗೇ ಸಿಕ್ಕಿದ್ದು. ಮೂರು ಸಲ ಹೋಗಿ ಬಂದು ನನಗೆ ಬರಿ. ಅವ್ವ ಏನಂದರು ಅದನ್ನೂ ಬರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು. ವಯಸ್ಸು 67. ಮಗ ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ. "ಇಬ್ಬರೂ ಇಲ್ಲಿಗೇ ಬಂದುಬಿಡಿ, ಊರಿನ ಮನೆ ಕೊಟ್ಟುಬಿಡೋಣ" ಎಂದು ಹಟ ಹಿಡಿದಿದ್ದಾನೆ. ಸಂಗೀತ, ಉಪನ್ಯಾಸ ಅಂದರೆ ನನಗೆ ಪ್ರಾಣ, ಬೆಂಗಳೂರಿನಲ್ಲಿ ಅದಕ್ಕೆ ಕೊರತೆ ಇಲ್ಲ ಎಂದು ಗೊತ್ತು. ಆದರೆ ಹನ್ನೊಂದನೇ ಮಹಡಿಯಲ್ಲಿ ಕೂತು ಲಿಫ್ಟು ನೋಡುತ್ತಾ ದಿನ ಕಳೆಯುವ ಹೆದರಿಕೆಯೂ ಇದೆ. ಬರಬಹುದೇ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಬನ್ನಿ, ಆದರೆ ಊರಿನ ಮನೆ ಮಾರಬೇಡಿ. ಈ ಎರಡನ್ನೂ ಒಟ್ಟಿಗೇ ಹೇಳುತ್ತಿದ್ದೇನೆ, ಮಗನಿಗೂ ಹಾಗೇ ಓದಿ ಹೇಳಿ. ಮಾರಿದ ಮೇಲೆ ಬೇಡ ಅನ್ನಿಸಿದರೆ ವಾಪಸ್ ಹೋಗಲು ಜಾಗ ಇರುವುದಿಲ್ಲ, ಜಾಗ ಇಲ್ಲ ಅನ್ನುವ ಯೋಚನೆಯೇ ಅರ್ಧ ಬೇಜಾರು ತರುತ್ತದೆ.

ಮೊದಲ ಸಲ ಚೈತ್ರ ಮಾಸದಲ್ಲಿ ಬನ್ನಿ, ಎರಡು ತಿಂಗಳ ಮಟ್ಟಿಗೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಆಗ ನಡೆಯುತ್ತದೆ. 1939ರಲ್ಲಿ ಶುರುವಾದದ್ದು, ಒಂದು ತಿಂಗಳಷ್ಟು ನಡೆಯುತ್ತದೆ. ರೇಡಿಯೋದಲ್ಲಿ ಕೇಳಿದ ಎಷ್ಟೋ ದೊಡ್ಡ ಹೆಸರುಗಳನ್ನು ಜನ ಎದುರಿಗೆ ಕಂಡಿದ್ದು ಆ ಚಪ್ಪರದಲ್ಲಿ. ಬೇಸಿಗೆಯ ಸಂಜೆ, ಪಾನಕ ಕೋಸಂಬರಿ, ಆಮೇಲೆ ಮೃದಂಗದ ತನಿ ಆವರ್ತನಕ್ಕೆ ತೊಡೆಯ ಮೇಲೆ ತಾಳ ಹಾಕುವ ಅಕ್ಕಪಕ್ಕದವರು. ಮೈಕಿನ ದನಿ ರಸ್ತೆಗೂ ಬರುತ್ತದೆ, ಹೊರಗೆ ನಿಂತು ಕೇಳಿಕೊಂಡು ಹೋಗುವವರೂ ಇರುತ್ತಾರೆ.

ಉಪನ್ಯಾಸ ಅಂದಿರಲ್ಲ, ನರಸಿಂಹರಾಜ ಕಾಲೋನಿಯಲ್ಲಿ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಎರಡೂ 1945ರಲ್ಲಿ ಹುಟ್ಟಿದವು. ಕೆ.ಆರ್. ರಸ್ತೆಯ ಗಾಯನ ಸಮಾಜ ಇನ್ನೂ ಹಳೆಯದು, 1905ರದ್ದು. ನಮ್ಮಪ್ಪ ತಿಪಟೂರಿನಿಂದ ಬಂದಾಗ ಮೊದಲ ಎರಡು ವಾರ ಬಾಲ್ಕನಿ ಬಿಟ್ಟು ಏಳಲಿಲ್ಲ. ಮೂರನೇ ವಾರ ಪಾರ್ಕಿನಲ್ಲಿ ಸಿಕ್ಕ ಒಬ್ಬರ ಜೊತೆ ಗೋಖಲೆ ಸಂಸ್ಥೆಗೆ ಹೋದರು. ಆಮೇಲೆ ಹಿಡಿಯುವವರೇ ಇಲ್ಲ. ಆಹ್ವಾನ ಪತ್ರಿಕೆಯ ಹಿಂದೆ ಪೆನ್ಸಿಲ್ಲಿನಲ್ಲಿ ಟಿಪ್ಪಣಿ ಮಾಡಿಕೊಂಡು ಬಂದು ಊಟದ ಹೊತ್ತಿಗೆ ನಮಗೆಲ್ಲ ಆ ಉಪನ್ಯಾಸವನ್ನು ಮತ್ತೊಮ್ಮೆ ಮಾಡುತ್ತಿದ್ದರು. ಆ ಕಾರ್ಡುಗಳ ಕಟ್ಟು ಇನ್ನೂ ನನ್ನ ಹತ್ತಿರ ಇದೆ.

ಆದರೆ ಒಂದು ನಿಜ ಹೇಳಲೇಬೇಕು. ನಾನು ಹೇಳಿದ್ದೆಲ್ಲ ದಕ್ಷಿಣದ ಹಳೇ ಬಡಾವಣೆಗಳಲ್ಲಿದೆ, ಸರ್ಜಾಪುರ ರಸ್ತೆಯಿಂದ ಸಂಜೆ ಹೊತ್ತು ಅಲ್ಲಿಗೆ ಬರುವುದು ನಿಮ್ಮ ವಯಸ್ಸಿಗೆ ಸುಲಭ ಅಲ್ಲ. ಆಫೀಸಿಗೆ ಹತ್ತಿರ ಎಂದು ಮಗ ಆ ಮನೆ ಆರಿಸಿಕೊಂಡಿದ್ದಾನೆ. ಆದರೆ ಹಗಲೆಲ್ಲ ಆ ಮನೆಯಲ್ಲಿ ಇರುವವರು ನೀವಿಬ್ಬರು. ಸಾಧ್ಯವಿದ್ದರೆ ಅದನ್ನು ಬಾಡಿಗೆಗೆ ಕೊಟ್ಟು ಬಸವನಗುಡಿ, ಚಾಮರಾಜಪೇಟೆ, ಜಯನಗರ, ಮಲ್ಲೇಶ್ವರ ಇಂಥ ಕಡೆ ಬಾಡಿಗೆ ಮನೆ ನೋಡಲಿ. ಸ್ವಂತ ಮನೆ ಬಿಟ್ಟು ಬಾಡಿಗೆ ಮನೆಯೇ ಎಂದು ಮಗ ಕೇಳಬಹುದು. ಹಾಲು, ತರಕಾರಿ, ಪಾರ್ಕು, ಒಂದು ಸಭಾಂಗಣ, ಇಷ್ಟು ನಡೆದು ಹೋಗುವ ದೂರದಲ್ಲಿದ್ದರೆ ಲಿಫ್ಟು ನೋಡುತ್ತಾ ಕೂರುವ ಪ್ರಸಂಗ ಬರುವುದಿಲ್ಲ ಎಂದು ಅವನಿಗೆ ಹೇಳಿ. ನಿಮ್ಮ ಶ್ರೀಮತಿಯವರ ಅಭಿಪ್ರಾಯ ಪತ್ರದಲ್ಲಿ ಇಲ್ಲ. ಅವರನ್ನೂ ಕೇಳಿ.

ಪ್ರಶ್ನೆ: ಕರಗ ನೋಡಲು ಯಾರು ಬೇಕಾದರೂ ಹೋಗಬಹುದಾ? ನಾವು ಉತ್ತರ ಕನ್ನಡದವರು, ಕರಗ ನಡೆಸುವ ತಿಗಳ ಸಮುದಾಯದವರಲ್ಲ.

ಉತ್ತರ: ಖಂಡಿತ ಹೋಗಬಹುದು. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಹೊರಡುವಾಗ ಮಧ್ಯರಾತ್ರಿ ಆಗುತ್ತದೆ, ಕೆಲವು ಸಲ ಇನ್ನೂ ತಡ. ದ್ರೌಪದಮ್ಮನ ರೂಪದಲ್ಲಿ ಸೀರೆ ಉಟ್ಟು ಬಳೆ ತೊಟ್ಟ ಕರಗದ ಪೂಜಾರಿ ತಲೆಯ ಮೇಲೆ ಹೂವಿನ ಕರಗ ಹೊತ್ತು, ಕೈಯಿಂದ ಮುಟ್ಟದೆ, ಬೆಳಗಿನ ತನಕ ಪೇಟೆಯ ಗಲ್ಲಿಗಳಲ್ಲಿ ಓಡಾಡುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಮೇಲಿನ ಮನೆಗಳಿಂದ ಮಲ್ಲಿಗೆ ಸುರಿಯುತ್ತಾರೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿಯೇ ಹೋಗುತ್ತದೆ, ಅದು ತಲೆಮಾರುಗಳಿಂದ ಬಂದ ಪದ್ಧತಿ. ದರ್ಗಾದ ಹತ್ತಿರ ನಿಂತು ನೋಡಿ ಎಂದು ನನ್ನ ಸಲಹೆ. ಅಲ್ಲಿ ಕಾಯುತ್ತಾ ನಿಂತಿದ್ದ ಒಂದು ವರ್ಷ, ನನ್ನ ಮುಂದೆ ಬುರ್ಖಾ ತೊಟ್ಟ ಒಬ್ಬ ತಾಯಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದು ಕೈಯಲ್ಲಿ ಮಲ್ಲಿಗೆ ಹಿಡಿದುಕೊಂಡಿದ್ದರು. ಹೂವು ಎಸೆಯುವ ಕೆಲಸ ಮಗುವಿನದು. ಎರಡು ಸಲ ಅದು ನನ್ನ ತಲೆ ಮೇಲೆ ಎಸೆಯಿತು. ಚಿಕ್ಕ ಮಕ್ಕಳಿದ್ದರೆ ನೂಕುನುಗ್ಗಲು ಜಾಸ್ತಿ ಇರುವ ಕಡೆ ಹೋಗಬೇಡಿ.

ಪ್ರಶ್ನೆ: ಮೇಡಂ, ಯಜಮಾನರು ಆಟೊ ಓಡಿಸುತ್ತಾರೆ, ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಇಬ್ಬರು ಮಕ್ಕಳು, ಐದನೇ ಕ್ಲಾಸು, ಎರಡನೇ ಕ್ಲಾಸು. ಈ ನಾಟಕ, ಸಂಗೀತ, ಚಿತ್ರ ಪ್ರದರ್ಶನ ಇವೆಲ್ಲ ದುಡ್ಡಿರುವವರಿಗೆ ಅಲ್ವಾ? ನಮ್ಮಂಥವರಿಗೆ ಈ ಊರಿನಲ್ಲಿ ದುಡಿಮೆ ಬಿಟ್ಟು ಬೇರೆ ಏನಿದೆ?

ಉತ್ತರ: ಇಲ್ಲ, ಅಲ್ಲ. ನಿಮ್ಮ ಪ್ರಶ್ನೆಗೆ ಸಿಟ್ಟಿನಿಂದ ಅಲ್ಲ, ಕಾಳಜಿಯಿಂದ ಈ "ಅಲ್ಲ" ಹೇಳುತ್ತಿದ್ದೇನೆ. ಈ ಊರಿನ ಅತ್ಯಂತ ಚೆಂದದ ಎಷ್ಟೋ ಸಂಗತಿಗಳಿಗೆ ಟಿಕೆಟ್ಟೇ ಇಲ್ಲ, ಅಥವಾ ಇದ್ದರೂ ತುಂಬಾ ಕಡಿಮೆ. 2023ರ ಜೂನ್‌ನಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಪ್ರಯಾಣವೂ ಉಚಿತ. ಅದನ್ನು ಬರೀ ಕೆಲಸಕ್ಕೆ ಹೋಗಿಬರಲು ಯಾಕೆ ಇಟ್ಟುಕೊಳ್ಳಬೇಕು?

ಒಂದು ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. 240 ಎಕರೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ಗಾಜಿನ ಮನೆ ಆಮೇಲೆ ನೋಡಿದರಾಯಿತು, ಮೊದಲು ಬಂಡೆ ಹತ್ತಿಸಿ. ಆ ಬಂಡೆಗೆ 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭೂಮಿಯ ಮೇಲಿನ ತುಂಬಾ ಹಳೇ ಕಲ್ಲುಗಳಲ್ಲಿ ಅದೂ ಒಂದು. ನನ್ನ ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತುಕೊಂಡಳು. "ಡೈನೋಸಾರ್‌ಗಿಂತ ಹಳೇದಾ?" ಎಂದು ಕೇಳಿದಳು. ಹೌದು, ಡೈನೋಸಾರ್‌ಗಿಂತ ಎಷ್ಟೋ ಪಾಲು ಹಳೇದು. ಮೇಲೆ ಕೆಂಪೇಗೌಡರ ಗೋಪುರ ಇದೆ. ಅಂಥವು ನಾಲ್ಕಿವೆ, ಉಳಿದ ಮೂರು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಹತ್ತಿರ. ನಾಲ್ಕನ್ನೂ ಹುಡುಕುವ ಆಟ ಮಕ್ಕಳಿಗೆ ಕೊಡಿ, ನಾಲ್ಕು ಭಾನುವಾರ ಕಳೆಯುತ್ತದೆ. ಯಜಮಾನರಿಗೆ ದಾರಿಯೆಲ್ಲ ಗೊತ್ತೇ ಇರುತ್ತದೆ. ಮಕ್ಕಳ ಮುಂದೆ ಅವರೇ ಗೈಡ್ ಆಗಲಿ.

ಕಬ್ಬನ್ ಪಾರ್ಕಿಗೆ ಪ್ರವೇಶ ಉಚಿತ. ಒಳಗೆ ಬಾಲಭವನ ಇದೆ, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ಇದೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ ಚಿತ್ರ ಸಂತೆ ನಡೆಸುತ್ತಾರೆ, ರಸ್ತೆ ಪೂರ್ತಿ ಚಿತ್ರಗಳು. ಕೊಳ್ಳಲೇಬೇಕು ಎಂದೇನಿಲ್ಲ. ಚಿತ್ರ ಬರೆದವರೇ ಪಕ್ಕದಲ್ಲಿ ಕೂತಿರುತ್ತಾರೆ, ಮಕ್ಕಳು ಏನಾದರೂ ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಹಿಂದೆ ಇಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಒಂದು ಬಸವ ಬಂದು ಬೆಳೆ ತಿಂದು ಹೋಗುತ್ತಿತ್ತು, ಆಮೇಲೆ ಕಲ್ಲಾಯಿತು, ಅದಕ್ಕೆ ಗುಡಿ ಕಟ್ಟಿ ಮೊದಲ ಬೆಳೆ ಅರ್ಪಿಸಿದರು ಎಂದು ಕಥೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಮೂರೂ ಸಿಗುತ್ತದೆ. ಸೋಮವಾರ ನಿಮಗೆ ಕೆಲಸ ಇದ್ದರೆ ಹಿಂದಿನ ಭಾನುವಾರವೇ ಹೋಗಿ, ಅಷ್ಟರಲ್ಲಿ ಅಂಗಡಿಗಳು ಬಂದಿರುತ್ತವೆ.

ಇನ್ನೊಂದು ವಿಷಯ. ನಿಮ್ಮ ಪ್ರಶ್ನೆಯ ಒಳಗೆ, ನಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವ ಭಯವೂ ಇದೆ ಅನ್ನಿಸಿತು. ಒಮ್ಮೆ ನಮ್ಮ ಮನೆಗೆಲಸಕ್ಕೆ ಬರುವವರ ಜೊತೆ ಒಂದು ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಬಾಗಿಲಲ್ಲಿದ್ದವನು ನನ್ನನ್ನು ಬಿಟ್ಟು ಅವರನ್ನು ಮಾತ್ರ ತಡೆದು "ಎಲ್ಲಿಗೆ?" ಎಂದು ಕೇಳಿದ. ಅವರು ವಾಪಸ್ ತಿರುಗಿಬಿಟ್ಟರು. ನನಗೆ ಆ ದಿನದ ಸಂಕಟ ಇನ್ನೂ ಹೋಗಿಲ್ಲ. ಅಂಥವರು ಸಿಗಬಹುದು. ಸಿಕ್ಕರೆ "ನೋಡೋಕೆ ಬಂದಿದ್ದೀವಿ" ಎಂದು ಗಟ್ಟಿಯಾಗಿ ಹೇಳಿ ಒಳಗೆ ಹೋಗಿ. ನಮ್ಮ ಮನೆಗೆಲಸದವರು ಆಮೇಲೆ ನನ್ನ ಜೊತೆ ಮತ್ತೆ ಬಂದರು, ಒಂದು ಹಸುವಿನ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದು "ಕಾಲು ಸರಿಯಾಗಿ ಬರೆದಿಲ್ಲ" ಎಂದರು. ನಾನು ಮತ್ತೆ ನೋಡಿದೆ. ನಿಜ, ಬರೆದಿರಲಿಲ್ಲ.

ಇದು ಪ್ರಶ್ನೆ ಅಲ್ಲ, ಆದರೂ ಹಾಕುತ್ತಿದ್ದೇನೆ. ಕುಂದಾಪುರದಿಂದ ಬಂದು ಶೇಷಾದ್ರಿಪುರದ ಹೋಟೆಲ್ ಒಂದರಲ್ಲಿ ಕೆಲಸ ಮಾಡುವ ಒಬ್ಬರು ಬರೆದಿದ್ದಾರೆ: "ಮೇಡಂ, ನೀವು ನಾಟಕ ನಾಟಕ ಅಂತೀರಿ, ನಮ್ಮ ಆಟದ ವಿಷಯ ಬರೆಯುವುದೇ ಇಲ್ಲ. ಮಳೆಗಾಲದಲ್ಲಿ ಊರಿನಲ್ಲಿ ಮೇಳಗಳ ತಿರುಗಾಟ ನಿಂತಿರುತ್ತದೆ. ಆಗ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ಕಲಾಕ್ಷೇತ್ರದಲ್ಲಿ ಇಡೀ ರಾತ್ರಿ ಯಕ್ಷಗಾನ. ಹೋಟೆಲ್ ಬಾಗಿಲು ಹಾಕಿ ನಾವು ಹತ್ತು ಜನ ಹೋಗುತ್ತೇವೆ, ಬೆಳಗ್ಗೆ ಐದಕ್ಕೆ ಅಲ್ಲಿಂದಲೇ ಇಡ್ಲಿ ಹಾಕಲು ಬರುತ್ತೇವೆ."

ತಪ್ಪಾಯಿತು ಅಣ್ಣ, ಬರೆಯಬೇಕಿತ್ತು. ನಾನೂ ಒಂದು ಸಲ ಬೆಳಗಿನ ತನಕ ಕೂತಿದ್ದೇನೆ. ಮೂರು ಗಂಟೆ ರಾತ್ರಿಯಲ್ಲಿ ಚೆಂಡೆ ಬಿದ್ದಾಗ ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದವರೆಲ್ಲ ಒಟ್ಟಿಗೆ ಎದ್ದು ಕೂತರು. ಅವರಿಗೆ ಯಾವ ವೇಷ ಬರುವ ಹೊತ್ತು ಎಂದು ನಿದ್ದೆಯಲ್ಲೂ ಗೊತ್ತಿತ್ತು. ಹೊರಗೆ ಬಂದರೆ ಮಳೆ, ಎಲ್ಲರ ಬಾಯಲ್ಲೂ ಕುಂದಗನ್ನಡ. ಜೆ.ಸಿ. ರಸ್ತೆಯಲ್ಲಿ ನಿಂತಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

ಪ್ರಶ್ನೆ: ಬೆಂಗಳೂರಿನಲ್ಲಿ ಕನ್ನಡವೇ ಕೇಳಿಸುವುದಿಲ್ಲ. ಅಂಗಡಿಗೆ ಹೋದರೆ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಕನ್ನಡವೇ ಇಲ್ಲದ ಊರಿಗೆ ಎಂಥ ಸಂಸ್ಕೃತಿ? ನಿಮ್ಮ ಬರಹ ಓದಿದರೆ ನೀವು ಬೇರೆ ಯಾವುದೋ ಬೆಂಗಳೂರಿನಲ್ಲಿ ಇರುವ ಹಾಗಿದೆ.

ಉತ್ತರ: ನಿಮ್ಮ ನೋವು ನನ್ನದೂ ಹೌದು. ಹೊಸ ಬಡಾವಣೆಗಳಲ್ಲಿ ಕನ್ನಡದಲ್ಲಿ ಮಾತಾಡಿಸಿದರೆ ಕೆಲವರು ಮುಖ ತಿರುಗಿಸುತ್ತಾರೆ, ನನಗೂ ಆಗಿದೆ. ಆದರೆ ಕನ್ನಡವೇ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಅಲ್ಲಿಯ ಒಂಬತ್ತನೇ ಶತಮಾನದ ಶಾಸನದಲ್ಲಿ ಬೆಂಗಳೂರು ಅನ್ನುವ ಹೆಸರೇ ಇದೆ, ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿಸಿದ್ದು, ಕನ್ನಡದಲ್ಲಿ. ಬೆಂದ ಕಾಳಿನಿಂದ ಊರಿಗೆ ಹೆಸರು ಬಂತು ಅನ್ನುವ ಬೆಂದಕಾಳೂರಿನ ಕಥೆಗಿಂತ ಎಷ್ಟು ಹಳೆಯದು ನೋಡಿ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಇದೇ ಊರಿನಲ್ಲಿ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ತರಗುಪೇಟೆ, ಉಪ್ಪಾರಪೇಟೆ, ಒಂದೊಂದು ಕಸುಬಿಗೆ ಒಂದೊಂದು ಪೇಟೆ, ಹೆಸರೆಲ್ಲ ಕನ್ನಡವೇ. ಆ ಪೇಟೆಗಳಲ್ಲಿ ತೆಲುಗು, ತಮಿಳು, ಉರ್ದು, ಮರಾಠಿ ಮನೆಮಾತಿನವರು ತಲೆಮಾರುಗಳಿಂದ ಇದ್ದಾರೆ, ಬೀದಿಗೆ ಬಂದರೆ ಕನ್ನಡ ಆಡುತ್ತಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ನನಗೆ ನಿಂಬೆಹಣ್ಣು ಕೊಡುವ ಸಾಬರ ಕನ್ನಡ ನನ್ನ ಕನ್ನಡಕ್ಕಿಂತ ರುಚಿ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಒಳ್ಳೆಯ ಕನ್ನಡ ನಾಟಕ ನಡೆಯುತ್ತಿರುತ್ತದೆ, ಮುಂದಿನ ನಾಲ್ಕು ಸಾಲು ಖಾಲಿ. ಪುಸ್ತಕ ಬಿಡುಗಡೆ, ಬಂದವರು ಬರೆದವರ ನೆಂಟರು. ಕನ್ನಡ ಎಲ್ಲಿದೆ ಎಂದು ಕೇಳುವವರು ಆ ಖಾಲಿ ಕುರ್ಚಿಗಳಲ್ಲಿ ಬಂದು ಕೂತರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬರುವಾಗ ಆಫೀಸಿನ ಒಬ್ಬ ಹೊರಗಿನವರನ್ನೂ ಕರೆದುಕೊಂಡು ಬನ್ನಿ. ನಮ್ಮ ಮಹಡಿಯಲ್ಲಿದ್ದ ಒಡಿಶಾದ ಹುಡುಗಿಯನ್ನು ನಾನು ಹಾಗೇ ಕರೆದುಕೊಂಡು ಹೋಗುತ್ತಿದ್ದೆ. ಮೂರನೇ ನಾಟಕಕ್ಕೆ ಎಲ್ಲರಿಗಿಂತ ಮುಂಚೆ ಅವಳು ನಕ್ಕಳು.

ಪ್ರಶ್ನೆ: ಟ್ರಾಫಿಕ್, ನೀರು, ಬಾಡಿಗೆ ಇವುಗಳ ಬಗ್ಗೆ ಒಂದು ಮಾತೂ ಆಡದೆ ಊರನ್ನು ಹೊಗಳುವುದು ಸರಿಯಾ? ನಾವಂತೂ ಮೈಸೂರಿಗೆ ಹೋಗಬೇಕು ಎಂದಿದ್ದೇವೆ.

ಉತ್ತರ: ಸರಿಯಲ್ಲ, ಒಪ್ಪಿದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೂ ಟ್ಯಾಂಕರಿಗೆ ಕೊಡ ಹಿಡಿದು ನಿಂತಿದ್ದೇವೆ. ಹಿಂದೊಮ್ಮೆ ಮನೆ ಖಾಲಿ ಮಾಡಿದಾಗ ಮಾಲೀಕರು ಪೇಂಟಿಂಗ್, ರಿಪೇರಿ ಎಂದು ಅಡ್ವಾನ್ಸಿನಲ್ಲಿ ಎರಡು ತಿಂಗಳ ಬಾಡಿಗೆ ಹಿಡಿದುಕೊಂಡರು, ಅದು ಬರಲೇ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಬಗ್ಗೆ ನಾನು ಹೇಳುವುದು ಏನೂ ಉಳಿದಿಲ್ಲ. ಮೈಸೂರಿಗೆ ಹೋಗುವುದಾದರೆ ಖುಷಿಯಿಂದ ಹೋಗಿ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ಇದೆ, ದಸರಾ ಇದೆ, ಸಂಜೆ ನಡೆಯಲು ದಾರಿ ಇದೆ. ಕೊರತೆ ಆಗುವುದಿಲ್ಲ.

ನಾನು ಯಾಕೆ ಹೋಗಿಲ್ಲ ಅಂದರೆ, ಒಂದೇ ಸಂಜೆಗೆ ಇಲ್ಲಿ ನಾಲ್ಕು ದಾರಿ ತೆರೆದಿರುತ್ತವೆ. ಒಂದು ಕಡೆ ಕಛೇರಿ, ಒಂದು ಕಡೆ ನಾಟಕ, ಇನ್ನೊಂದು ಕಡೆ ಯಾರೋ ಕೆರೆಗಳ ಬಗ್ಗೆ ಮಾತಾಡುತ್ತಿರುತ್ತಾರೆ, ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಮೇರಿಯಮ್ಮನ ತೇರು ಹೊರಟಿರುತ್ತದೆ. ಮಳೆ ಬಂದು ಎಲ್ಲಿಗೂ ಹೋಗದ ದಿನವೂ ಹೋಗಬಹುದಿತ್ತು ಅನ್ನುವುದೇ ನನಗೆ ಒಂದು ಸಂತೋಷ. ಆ ಸಂತೋಷಕ್ಕೆ ಟ್ರಾಫಿಕ್ಕಿನಲ್ಲಿ ಕೂರುತ್ತೇನೆ. ನಿಮಗೆ ಅಷ್ಟು ಬೆಲೆ ಕೊಡುವುದು ಬೇಡ ಅನ್ನಿಸಿದರೆ ಅದೂ ಸರಿಯೇ.

ಪ್ರಶ್ನೆ: ಮದುವೆ ಮಾತುಕತೆಗೆ ರಾಯಚೂರಿನಿಂದ ಬರುತ್ತಿದ್ದೇನೆ. ಒಂದೇ ಒಂದು ಬೆಳಗ್ಗೆ ಖಾಲಿ ಇದೆ. ಎಲ್ಲಿಗೆ ಹೋಗಲಿ?

ಉತ್ತರ: ಆರು ಗಂಟೆಗೆ ಕೆ.ಆರ್. ಮಾರುಕಟ್ಟೆಯ ಹೂವಿನ ಕಡೆಗೆ. ಮೆಟ್ಟಿಲು ಹತ್ತಿ ಮೇಲಿನ ಮಹಡಿಯಿಂದ ಕೆಳಗೆ ನೋಡಿ. ಸೇವಂತಿಗೆ, ಚೆಂಡು ಹೂವು, ಕನಕಾಂಬರ, ಗುಲಾಬಿ ಗುಡ್ಡದ ಹಾಗೆ ಬಿದ್ದಿರುತ್ತವೆ, ತಕ್ಕಡಿ ಹಿಡಿದವರು ಅದರ ಮಧ್ಯೆ ಸೊಂಟದ ತನಕ ಮುಳುಗಿರುತ್ತಾರೆ. ಆಮೇಲೆ ಕೆಳಗಿಳಿದು ಅವರ ಮಧ್ಯೆ ನಡೆಯಿರಿ. ಹೂವು ಕೊಳ್ಳುವುದಾದರೆ ಅಲ್ಲೇ ಕೊಳ್ಳಿ, ಮಾತುಕತೆಯ ಮನೆಗೂ ಆಗುತ್ತದೆ. ಪಕ್ಕದಲ್ಲೇ ಕೋಟೆ, ಅದನ್ನು ದಾಟಿದರೆ ಟಿಪ್ಪುವಿನ ಮರದ ಅರಮನೆ. ಈ ಮೂರಕ್ಕೆ ಬೆಳಗ್ಗೆ ಮುಗಿಯುತ್ತದೆ. ನೆಲ ಒದ್ದೆ ಇರುತ್ತದೆ, ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ.